ನಂಬಬಹುದಾದ ಮೂಲ, ತಟಸ್ಥ ಮೂಲ, ನಿಜ: ಮೂರೂ ಒಂದೇನಾ?

ಅಜ್ಜನ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಮನೆಯವರು ಓದಲಿ ಅಂತ ನಮ್ಮ ಮನೆತನದ ಕಥೆ ಬರೆಯುತ್ತಿದ್ದೇನೆ. ನೂರು ಪುಟ ದಾಟಲಿಕ್ಕಿಲ್ಲ. ಆದರೆ ಅಜ್ಜ ಹುಟ್ಟಿದ ವರ್ಷದ ಹತ್ತಿರ ಬಂದು ಎರಡು ವಾರದಿಂದ ನಿಂತುಬಿಟ್ಟಿದ್ದೇನೆ.

ಅಜ್ಜನ ಏಳು ಕಾಗದಪತ್ರ ಸಿಕ್ಕಿವೆ. ಕೆಲಸದ ಸೇವಾ ಪುಸ್ತಕದ ಟೈಪ್ ಮಾಡಿದ ನಕಲು, ಪಿಂಚಣಿ ಆದೇಶ, ವಿಮೆಯ ಕಾಗದ, ಗುರುತಿನ ಚೀಟಿ, ನಿವೃತ್ತಿಯಾದಾಗ ಕೊಟ್ಟ ಸನ್ಮಾನ ಪತ್ರ, ಮರಣ ಪ್ರಮಾಣಪತ್ರ, ಪತ್ರಿಕೆಯಲ್ಲಿ ಬಂದ ನಿಧನ ವಾರ್ತೆ. ಏಳರಲ್ಲೂ 1914 ಅಂತಲೇ ಇದೆ. ಎಂಟನೆಯದು, ಅಜ್ಜನ ಅಕ್ಕ ವಯಸ್ಸಾದ ಮೇಲೆ ಬರೆದಿಟ್ಟ ಒಂದು ನೋಟ್‌ಬುಕ್. ಅದರಲ್ಲಿ ಹೀಗಿದೆ: "ತಮ್ಮ ಹುಟ್ಟಿ ತಿಂಗಳೂ ಆಗಿರಲಿಲ್ಲ. ಬೆಳಗಿನ ಜಾವ ಅಪ್ಪ ಎಬ್ಬಿಸಿ ಮೂಡಲ ಕಡೆ ಬಾಲಚುಕ್ಕೆ ತೋರಿಸಿದರು. ಬಾಲ ನೆತ್ತಿಯ ತನಕ ಚಾಚಿತ್ತು. ನನಗಾಗ ಒಂಬತ್ತು." ಬಾಲಚುಕ್ಕೆ ಅಂದರೆ ಹ್ಯಾಲಿ ಧೂಮಕೇತು ಅಲ್ವಾ? ಅದು ಬಂದದ್ದು 1910ರಲ್ಲಿ.

ನನ್ನ ತಮ್ಮನದು ಒಂದೇ ವಾದ. "ಕಚೇರಿ ದಾಖಲೆ ನಂಬಬಹುದಾದ ಮೂಲ. ಅದಕ್ಕೆ ಯಾರ ಮೇಲೂ ಪ್ರೀತಿ ಇಲ್ಲ, ದ್ವೇಷ ಇಲ್ಲ, ಹಾಗಾಗಿ ತಟಸ್ಥ. ಆದ್ದರಿಂದ ಅದು ನಿಜ. ಅಜ್ಜಿಯ ನೋಟ್‌ಬುಕ್ ತುಂಬ ಬರೀ ಆಸ್ತಿ ಜಗಳ. ಅದನ್ನು ಯಾರು ನಂಬುತ್ತಾರೆ?" ಜಗಳದ ವಿಷಯ ಅವನು ಹೇಳಿದ್ದು ಸರಿಯೇ. ಆದರೂ ಆ "ಆದ್ದರಿಂದ" ನನಗೆ ಒಪ್ಪಿಗೆಯಾಗುತ್ತಿಲ್ಲ. ಯಾಕೆ ಅಂತ ಬಾಯಿಬಿಟ್ಟು ಹೇಳಲೂ ಬರುತ್ತಿಲ್ಲ. ತಿಳಿದವರು ಸಹಾಯ ಮಾಡಿ.

ಹಳೇ ಗ್ರಂಥಪಾಲಕಿ

ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ ಮೇಡಂ. ನಿಮ್ಮ ತಮ್ಮ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ದಾರದಲ್ಲಿ ಕಟ್ಟಿದ್ದಾರೆ.

ನಂಬಬಹುದು ಅನ್ನುವುದು ಮೂಲದ ನಡವಳಿಕೆಯ ಮಾತು. ಇಲ್ಲಿಯವರೆಗೆ ಅದು ಹೇಗೆ ನಡೆದುಕೊಂಡಿದೆ, ಬರೆಯುವ ಮುಂಚೆ ಯಾರಾದರೂ ಪರೀಕ್ಷಿಸುತ್ತಾರಾ, ತಪ್ಪಾದರೆ ತಿದ್ದುತ್ತಾರಾ. ತಟಸ್ಥ ಅನ್ನುವುದು ಹೇಳುವ ರೀತಿಯ ಮಾತು. ಯಾರ ಕಡೆಗೆ ವಾಲಿದೆ, ಯಾವುದನ್ನು ಬಿಟ್ಟಿದೆ. ನಿಜ ಅನ್ನುವುದು ಮಾತ್ರ ಮೂಲದ ಗುಣವೇ ಅಲ್ಲ. ಅದು ಒಂದೊಂದು ವಾಕ್ಯದ ಗುಣ. ಒಂದೇ ಪುಸ್ತಕದ ಒಂದೇ ಪುಟದಲ್ಲಿ ಮೇಲಿನ ಸಾಲು ನಿಜವಾಗಿ ಕೆಳಗಿನ ಸಾಲು ಸುಳ್ಳಾಗಿರಬಹುದು. "ಇದು ನಿಜವಾದ ಮೂಲ" ಅಂತ ಯಾರಾದರೂ ಅಂದಾಗ ನಾನು ಯಾವಾಗಲೂ ಕೇಳುತ್ತಿದ್ದದ್ದು ಇಷ್ಟೇ: ಯಾವ ಸಾಲು?

ನಂಬಿಕೆಯೂ ಸಾರಾಸಗಟಾಗಿ ಬರುವುದಿಲ್ಲ. ವಿಷಯಕ್ಕೆ ತಕ್ಕ ಹಾಗೆ ಬರುತ್ತದೆ. ಸೇವಾ ಪುಸ್ತಕವನ್ನು ಇಡುವುದು ಯಾಕೆ? ನೌಕರ ಯಾವಾಗ ಸೇರಿದ, ಎಲ್ಲಿಗೆ ವರ್ಗವಾದ, ಎಷ್ಟು ರಜೆ ಹಾಕಿದ ಅಂತ ಬರೆಯಲು. ಅವೆಲ್ಲ ಆ ಕಚೇರಿಯ ಕಣ್ಣೆದುರೇ ನಡೆದದ್ದು. ಅಜ್ಜ ಹುಟ್ಟಿದಾಗ ಆ ಕಚೇರಿಯವರು ಯಾರೂ ಅಲ್ಲಿರಲಿಲ್ಲ. ಅಕ್ಕ ಇದ್ದರು.

ಇನ್ನೊಂದು ಕೆಲಸ ಮಾಡಿ. ಏಳು ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಯಾವುದನ್ನು ನೋಡಿ ಯಾವುದನ್ನು ಬರೆದರು ಅಂತ ಗುರುತು ಹಾಕಿ. ಏಳು ಸಾಕ್ಷಿ ಅಂತ ನೀವು ಎಣಿಸುತ್ತಿರುವುದು ಒಂದೇ ಸಾಕ್ಷಿಯ ಏಳು ನಕಲೂ ಆಗಿರಬಹುದು.

ಜೀವಶಾಸ್ತ್ರ ಪಾಠ

ಗ್ರಂಥಪಾಲಕಿ ಮೇಡಂ ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ಕಥೆ ಸೇರಿಸುತ್ತೇನೆ. ಪ್ರತಿ ವರ್ಷ ತರಗತಿಯಲ್ಲಿ ಹೇಳುವ ಕಥೆ.

ಮನುಷ್ಯನ ಜೀವಕೋಶದಲ್ಲಿ ಎಷ್ಟು ಕ್ರೋಮೋಸೋಮ್‌ಗಳಿವೆ, ಅಂದರೆ ವಂಶಗುಣ ಹೊತ್ತ ಎಳೆಗಳು? 46. ಈಗ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಆದರೆ 1923ರಲ್ಲಿ ಥಿಯೋಫಿಲಸ್ ಪೇಂಟರ್ ಎಂಬ ಅಮೆರಿಕದ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ಎಣಿಸಿ 48 ಅಂದರು. ಅವರು ಸುಮ್ನೆ ಬಾಯಿಗೆ ಬಂದದ್ದು ಹೇಳಿದವರಲ್ಲ. ಮೊದಲು 46ಓ 48ಓ ಅಂತ ಅವರಿಗೇ ಅನುಮಾನವಿತ್ತು. ಆಗಿನ ಪದ್ಧತಿಯಲ್ಲಿ ಕ್ರೋಮೋಸೋಮ್‌ಗಳು ಒಂದರ ಮೇಲೊಂದು ಬಿದ್ದು ಗುಂಪುಗುಂಪಾಗಿ ಕಾಣುತ್ತಿದ್ದವು. ಎಣಿಸುವುದು ನಿಜಕ್ಕೂ ಕಷ್ಟ. ಕೊನೆಗೆ 48ಕ್ಕೆ ನಿಂತರು. ಮುಂದೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಪಠ್ಯಪುಸ್ತಕಗಳು 48 ಅಂತಲೇ ಬರೆದವು. ಒಳ್ಳೆಯ ಪ್ರಕಾಶಕರು, ಒಳ್ಳೆಯ ಪ್ರಾಧ್ಯಾಪಕರು. ಕ್ರೋಮೋಸೋಮ್ ಎರಡು ಜಾಸ್ತಿ ಹೇಳಿದರೆ ಯಾರಿಗೂ ಲಾಭವಿರಲಿಲ್ಲ. ಪಕ್ಷಪಾತದ ಪ್ರಶ್ನೆಯೇ ಬರುವುದಿಲ್ಲ.

1956ರಲ್ಲಿ ಜೋ ಹಿನ್ ಟ್ಜಿಯೊ ಮತ್ತು ಆಲ್ಬರ್ಟ್ ಲೆವಾನ್ ಸ್ವೀಡನ್ನಿನಿಂದ ಒಂದು ಪ್ರಬಂಧ ಪ್ರಕಟಿಸಿದರು. ಜೀವಕೋಶವನ್ನು ತೆಳು ದ್ರಾವಣದಲ್ಲಿ ಉಬ್ಬಿಸಿದರೆ ಕ್ರೋಮೋಸೋಮ್‌ಗಳು ಹರಡಿಕೊಂಡು ಬಿಡಿಬಿಡಿಯಾಗಿ ಕಾಣುತ್ತವೆ. ಎಣಿಸಿದರೆ 46.

ನನ್ನನ್ನು ಇವತ್ತಿಗೂ ಕಾಡುವ ವಿವರ ಆ ಪ್ರಬಂಧದ ಕೊನೆಯಲ್ಲಿದೆ. ಅದಕ್ಕೂ ಮುಂಚೆ ಬೇರೆ ಕೆಲವು ಸಂಶೋಧಕರು ಭ್ರೂಣದ ಪಿತ್ತಕೋಶ ಅಲ್ಲ, ಯಕೃತ್ತಿನ ಜೀವಕೋಶಗಳಲ್ಲಿ ಎಣಿಸಿದ್ದರಂತೆ. ಮತ್ತೆ ಮತ್ತೆ 46 ಬಂತಂತೆ. "48 ಪೂರ್ತಿ ಸಿಗುತ್ತಿಲ್ಲವಲ್ಲ" ಅಂತ ಅವರು ಆ ಕೆಲಸವನ್ನೇ ಸದ್ಯಕ್ಕೆ ನಿಲ್ಲಿಸಿಬಿಟ್ಟರಂತೆ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಪುಸ್ತಕವನ್ನು ನಂಬಿದರು.

ನೇರಮಾತು

ಕ್ಷಮಿಸಿ, ನನಗೆ ಈ ಮಾತಿನ ದಾರಿ ಹಿಡಿಸುತ್ತಿಲ್ಲ. "ಪಠ್ಯಪುಸ್ತಕವೂ ತಪ್ಪು, ಸರ್ಕಾರಿ ದಾಖಲೆಯೂ ತಪ್ಪು" ಅಂತ ಹೇಳಿ ಹೇಳಿಯೇ ಜನ ಈಗ ಮೊಬೈಲಿಗೆ ಬಂದ ಗಾಳಿಸುದ್ದಿಯನ್ನೆಲ್ಲ ನಂಬುತ್ತಿರುವುದು. ನಮ್ಮ ಮನೆಯಲ್ಲೇ ನೋಡಿದ್ದೇನೆ. ನನ್ನ ಹತ್ತಿರದ ಸಂಬಂಧಿಯೊಬ್ಬರು ವೈದ್ಯರು ಬರೆದುಕೊಟ್ಟ ಮಾತ್ರೆ ನಿಲ್ಲಿಸಿದರು. ಕಾರಣ ಕೇಳಿದರೆ "ವೈದ್ಯರೂ ಎಷ್ಟೋ ಸಲ ತಪ್ಪು ಮಾಡಿದ್ದಾರೆ" ಅಂದರು. ಆಮೇಲೆ ಅವರನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಪಠ್ಯಪುಸ್ತಕ ನಂಬದಿದ್ದರೆ ಇನ್ನೇನು ನಂಬಬೇಕು, ಅದನ್ನು ಹೇಳಿ.

ಜೀವಶಾಸ್ತ್ರ ಪಾಠ

ಮೊದಲು ಒಂದು ತಿದ್ದುಪಡಿ. ಮೇಲೆ "ಪಿತ್ತಕೋಶ" ಅಂತ ಬೆರಳು ತಪ್ಪಿ ಬರೆದು ಅಲ್ಲೇ ಸರಿಮಾಡಿದ್ದೇನೆ. ಯಕೃತ್ತು ಅಂತಲೇ ಓದಿಕೊಳ್ಳಿ.

ನೇರಮಾತು ಅವರೇ, ನಿಮ್ಮ ಸಂಬಂಧಿಯ ವಿಷಯ ಓದಿ ಬೇಜಾರಾಯಿತು. ನಿಮ್ಮ ಪ್ರಶ್ನೆ ಪಕ್ಕಕ್ಕೆ ತಳ್ಳುವಂಥದ್ದಲ್ಲ. 48 ತಪ್ಪು ಅಂತ ಕಂಡುಹಿಡಿದವರು ಯಾರು? ಅದೇ ಸೂಕ್ಷ್ಮದರ್ಶಕ ಹಿಡಿದು ಕೂತ, ಅದೇ ಕೆಲಸದ ಇನ್ನಿಬ್ಬರು. ಗಾಳಿಸುದ್ದಿ ಹರಡುವವರು ಯಾರೂ ಅದನ್ನು ಕಂಡುಹಿಡಿಯಲಿಲ್ಲ. "ಹೀಗೆ ಮಾಡಿದೆವು, ನೀವೂ ಮಾಡಿ ನೋಡಿ" ಅಂತ ದಾರಿ ತೋರಿಸಿದರು. ಬೇರೆಯವರು ಮಾಡಿ ನೋಡಿದರು. 46 ಬಂತು. ಪುಸ್ತಕ ಬದಲಾಯಿತು.

1998ರಲ್ಲಿ ಲ್ಯಾನ್ಸೆಟ್ ಅನ್ನುವ ಬಹಳ ದೊಡ್ಡ ವೈದ್ಯಕೀಯ ಪತ್ರಿಕೆ ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ಬಾರದಂತೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಅನ್ನುವ ಸುಳಿವಿನ ಪ್ರಬಂಧ ಪ್ರಕಟಿಸಿತು. ನೋಡಿದ್ದು ಬರೀ 12 ಮಕ್ಕಳನ್ನು. 2010ರಲ್ಲಿ ಆ ಪ್ರಬಂಧವನ್ನು ಪತ್ರಿಕೆಯೇ ಹಿಂದಕ್ಕೆ ಪಡೆಯಿತು. 12 ವರ್ಷ ಬಹಳ ತಡ. ಅಷ್ಟರಲ್ಲಿ ಎಷ್ಟೋ ತಂದೆತಾಯಿಯರು ಹೆದರಿ ಮಕ್ಕಳಿಗೆ ಲಸಿಕೆ ಹಾಕಿಸಲಿಲ್ಲ. ನನಗೆ ಅದರ ಬಗ್ಗೆ ಸಿಟ್ಟಿದೆ. ಆದರೂ ಹಿಂದಕ್ಕೆ ಪಡೆದದ್ದು ದಾಖಲೆಯಲ್ಲಿದೆ, ಯಾಕೆ ಅಂತಲೂ ಇದೆ. ನಿಮ್ಮ ಸಂಬಂಧಿಗೆ ಬಂದ ಸಂದೇಶವನ್ನು ಯಾರಾದರೂ ಹಿಂದಕ್ಕೆ ಪಡೆದರಾ?

ಹಾಗಾಗಿ ಮಾತ್ರೆಯ ವಿಷಯದಲ್ಲಿ ನಾನೂ ವೈದ್ಯರ ಮಾತನ್ನೇ ಕೇಳುತ್ತೇನೆ. ತಪ್ಪೇ ಮಾಡುವುದಿಲ್ಲ ಅಂತಲ್ಲ. ಉಳಿದ ದಾರಿಗಳಿಗಿಂತ ಕಮ್ಮಿ ತಪ್ಪು ಮಾಡುತ್ತದೆ, ಮಾಡಿದ್ದು ಗೊತ್ತಾಗುತ್ತದೆ ಅಂತ.

ಸುದ್ದಿಮನೆ

ಇಪ್ಪತ್ತೆರಡು ವರ್ಷ ಡೆಸ್ಕಿನಲ್ಲಿ ಕೆಲಸ ಮಾಡಿದವನು ನಾನು. ಪತ್ರಿಕೆಯ ಹೆಸರು ಬೇಡ.

ನಿಧನ ವಾರ್ತೆಯನ್ನೂ ಸಾಕ್ಷಿಗಳ ಪಟ್ಟಿಗೆ ಸೇರಿಸಿದ್ದೀರಲ್ಲ ಮೇಡಂ, ಅದು ಹೇಗೆ ತಯಾರಾಗುತ್ತದೆ ಗೊತ್ತಾ? ಮನೆಯವರು ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ವಯಸ್ಸು ಇರುತ್ತದೆ. ನಾವು ಹೆಸರಿನ ಕಾಗುಣಿತ ನೋಡುತ್ತೇವೆ, ಊರು ನೋಡುತ್ತೇವೆ. ವಯಸ್ಸನ್ನು ಯಾರೂ ಪರೀಕ್ಷಿಸುವುದಿಲ್ಲ. ಪತ್ರಿಕೆ ನಂಬಬಹುದಾದದ್ದೇ ಇರಬಹುದು, ಆ ಒಂದು ಅಂಕಿ ಮಾತ್ರ ನಿಮ್ಮ ಮನೆಯಿಂದಲೇ ಹೋಗಿ ನಿಮ್ಮ ಮನೆಗೇ ವಾಪಸ್ ಬಂದದ್ದು.

ಅಚ್ಚಾದದ್ದೆಲ್ಲ ಸರಿ ಅಂತ ಯಾರಾದರೂ ಅಂದರೆ ನನಗೆ 1948ರ ಶಿಕಾಗೊ ಟ್ರಿಬ್ಯೂನ್ ನೆನಪಾಗುತ್ತದೆ. ಅಮೆರಿಕದ ಅಧ್ಯಕ್ಷ ಚುನಾವಣೆ. ಟ್ರೂಮನ್ ಅವರನ್ನು ಡ್ಯೂಯಿ ಸೋಲಿಸಿದರು ಅಂತ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದರು. ಗೆದ್ದದ್ದು ಟ್ರೂಮನ್. ಆ ಪತ್ರಿಕೆಯನ್ನು ಎತ್ತಿ ಹಿಡಿದು ಅವರು ನಗುತ್ತಿರುವ ಫೋಟೋವನ್ನು ಎಲ್ಲರೂ ನೋಡಿರುತ್ತಾರೆ. ಅಲ್ಲಿ ಆದದ್ದೇನು? ಮುದ್ರಣದ ಕೆಲಸಗಾರರ ಮುಷ್ಕರ ನಡೆಯುತ್ತಿತ್ತು. ಹಾಗಾಗಿ ಪುಟಗಳನ್ನು ಎಷ್ಟೋ ಗಂಟೆ ಮೊದಲೇ ಮುಗಿಸಬೇಕಿತ್ತು. ಎಣಿಕೆ ಮುಗಿಯುವ ಹೊತ್ತಿಗೆ ಕಾಯಲು ಆಗಲಿಲ್ಲ, ಊಹೆಯನ್ನೇ ಸುದ್ದಿ ಮಾಡಿದರು. ಆ ಪತ್ರಿಕೆಗೆ ಟ್ರೂಮನ್ ಅವರನ್ನು ಕಂಡರೆ ಆಗುತ್ತಿರಲಿಲ್ಲ ಅನ್ನುವುದೂ ಹೌದು. ಅವಸರ, ಒಲವು ಎರಡೂ ಒಂದೇ ದಿಕ್ಕಿಗೆ ಎಳೆದರೆ ಹೀಗಾಗುತ್ತದೆ.

ಈಗ ತಟಸ್ಥತೆಗೆ ಬರುತ್ತೇನೆ. ನಮ್ಮ ವೃತ್ತಿಯಲ್ಲಿ ಅತಿ ಹೆಚ್ಚು ದುರ್ಬಳಕೆಯಾದ ಮಾತು ಅದು ಅಂತ ನನ್ನ ಅಭಿಪ್ರಾಯ. "ಎರಡೂ ಕಡೆಯವರ ಮಾತು ಹಾಕು" ಅಂತ ನಮಗೆ ಕಲಿಸುತ್ತಾರೆ. ಜಗಳ ಇಬ್ಬರ ಅಭಿಪ್ರಾಯದ್ದಾದರೆ ಸರಿ. ಒಬ್ಬ ಮಳೆ ಬರ್ತಿದೆ ಅಂತಾನೆ, ಇನ್ನೊಬ್ಬ ಇಲ್ಲ ಅಂತಾನೆ. ಇಬ್ಬರ ಮಾತನ್ನೂ ಸಮಸಮ ಹಾಕಿ ಕೈತೊಳೆದುಕೊಳ್ಳುವುದು ಕೆಲಸ ಅಲ್ಲ, ಕಿಟಕಿ ತೆಗೆದು ನೋಡಬೇಕು.

ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡವರು ಸಿಗರೇಟ್ ಕಂಪನಿಗಳು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಬ್ರಿಟನ್ನಿನಲ್ಲಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1954ರ ಜನವರಿಯಲ್ಲಿ ಅಮೆರಿಕದ ತಂಬಾಕು ಕಂಪನಿಗಳು ಸೇರಿ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟವು. ಸಂಶೋಧಕರಲ್ಲಿ ಒಮ್ಮತವಿಲ್ಲ, ನಾವೇ ಸಂಶೋಧನೆಗೆ ದುಡ್ಡು ಕೊಡುತ್ತೇವೆ ಅಂತ ಅದರ ಧಾಟಿ. ಓದಿದರೆ ಎಷ್ಟು ಸಮತೂಕ ಅನ್ನಿಸುತ್ತದೆ! ವರ್ಷಗಟ್ಟಲೆ ಪತ್ರಿಕೆಗಳು "ಎರಡೂ ಕಡೆ" ಹಾಕುತ್ತಾ ಹೋದವು. 1969ರಲ್ಲಿ ಒಂದು ಕಂಪನಿಯ ಒಳಗಿನ ಟಿಪ್ಪಣಿಯಲ್ಲಿ "ಸಂಶಯವೇ ನಮ್ಮ ಸರಕು" ಅನ್ನುವ ಅರ್ಥದ ಮಾತನ್ನೇ ಬರೆದುಕೊಂಡಿದ್ದರು.

ಆ ಟಿಪ್ಪಣಿ ಈಗ ಹೊರಗೆ ಬಂದಿದೆ. ಅದಕ್ಕಿಂತ ಪಕ್ಷಪಾತಿಯಾದ ಮೂಲ ಇನ್ನೊಂದು ಸಿಗಲಿಕ್ಕಿಲ್ಲ. ಆದರೆ ಕಂಪನಿಯ ಮನಸ್ಸಿನಲ್ಲಿ ಏನಿತ್ತು ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿಯೂ ಇಲ್ಲ. ತನಗೇ ಕೇಡಾಗುವ ಮಾತನ್ನು ಯಾರೂ ಸುಳ್ಳು ಕಟ್ಟಿ ಬರೆದಿಡುವುದಿಲ್ಲ. ನಿಮ್ಮ ಅಜ್ಜನ ಅಕ್ಕನ ನೋಟ್‌ಬುಕ್ಕಿಗೂ ಇದೇ ಪ್ರಶ್ನೆ ಹಾಕಿ. ಆಸ್ತಿಯ ವಿಷಯದಲ್ಲಿ ಅವರು ತಮ್ಮ ಕಡೆಗೇ ಎಳೆದುಕೊಂಡಿರಬಹುದು. ತಮ್ಮ 1910ರಲ್ಲಿ ಹುಟ್ಟಿದರೆ ಅವರಿಗೇನು ಲಾಭ?

ಅಜ್ಜನ ಮೊಮ್ಮಗಳು

ಲಾಭ ಏನೂ ಇಲ್ಲ ಸರ್. ಯೋಚನೆಯೇ ಮಾಡಿರಲಿಲ್ಲ.

ಗ್ರಂಥಪಾಲಕಿ ಮೇಡಂ, ನೀವು ಹೇಳಿದ ಹಾಗೆ ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ನೋಡಿದೆ. ಪಿಂಚಣಿ ಆದೇಶದಲ್ಲಿ "ಸೇವಾ ಪುಸ್ತಕದಲ್ಲಿರುವಂತೆ" ಅಂತ ಬರೆದೇ ಇದೆ. ವಿಮೆ ಕಾಗದಕ್ಕೆ ಆಧಾರ ಕೊಟ್ಟದ್ದು ಸೇವಾ ಪುಸ್ತಕದ ಪ್ರತಿ. ಗುರುತಿನ ಚೀಟಿ ಅದೇ ಕಚೇರಿಯದು. ಸನ್ಮಾನ ಪತ್ರ ಬರೆದವರು ಸಹೋದ್ಯೋಗಿಗಳು. ಮರಣ ಪ್ರಮಾಣಪತ್ರಕ್ಕೆ ಅಪ್ಪ ಪಿಂಚಣಿ ಪುಸ್ತಕ ತೋರಿಸಿದ್ದರಂತೆ, ನಿಧನ ವಾರ್ತೆಯ ಚೀಟಿ ಬರೆದದ್ದೂ ಅಪ್ಪನೇ. ಏಳಲ್ಲ, ಒಂದು. ತಮ್ಮನಿಗೆ ಫೋಟೋ ತೆಗೆದು ಕಳಿಸಿದೆ. ಅವನು ಇನ್ನೂ ಉತ್ತರಿಸಿಲ್ಲ.

ವಿಕಿ ಬರೆಯುವವ

ನಿಮ್ಮದು ಒಂದೇ ಬೇರಿನಿಂದ ಹೊರಟ ಏಳು ಕೊಂಬೆ. ಇದಕ್ಕಿಂತ ಅಪಾಯದ್ದು ಕೊಂಬೆ ತಿರುಗಿ ಬೇರಿಗೇ ಸೇರುವುದು. ಅದನ್ನು ನಾವು ಸುತ್ತು ಉಲ್ಲೇಖ ಅನ್ನುತ್ತೇವೆ.

2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕೋವಾಟಿ ಎಂಬ ಪ್ರಾಣಿಯ ಲೇಖನಕ್ಕೆ ಒಂದು ಅಡ್ಡಹೆಸರು ಸೇರಿಸಿದ. "ಬ್ರೆಜಿಲಿಯನ್ ಆರ್ಡ್‌ವಾರ್ಕ್" ಅಂತ. ಅವನೇ ಕಟ್ಟಿದ ಹೆಸರು, ತಮಾಷೆಗೆ. ಯಾರೂ ಗಮನಿಸಲಿಲ್ಲ. ಪತ್ರಿಕೆಗಳು ಆ ಹೆಸರನ್ನು ಎತ್ತಿಕೊಂಡವು. ಆಮೇಲೆ ವಿಕಿಪೀಡಿಯದಲ್ಲಿ ಆ ಹೆಸರಿನ ಮುಂದೆ ಅವೇ ಪತ್ರಿಕೆಗಳ ಉಲ್ಲೇಖ ಬಂದು ಕೂತಿತು! ನೋಡಿದವರಿಗೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುವ ಹಾಗೆ. 2014ರಲ್ಲಿ ಈ ಕಥೆ ಬಯಲಾಯಿತು.

ವಿಕಿಪೀಡಿಯದ ನೀತಿಯಲ್ಲಿ ಬಹಳ ವರ್ಷ ಒಂದು ಮಾತಿತ್ತು: ಇಲ್ಲಿ ಸೇರಲು ಬೇಕಾದದ್ದು ಪರಿಶೀಲಿಸಲು ಸಾಧ್ಯವಾಗುವುದು, ಸತ್ಯವಲ್ಲ. ಹೊಸಬರಿಗೆ ಇದನ್ನು ಕೇಳಿದರೆ ಆಘಾತ. "ಸತ್ಯ ಬೇಡವಾ ನಿಮಗೆ?" ಅಂತ ನಾನೂ ಜಗಳ ಮಾಡಿದ್ದೆ. ಆ ಮಾತಿನ ಅರ್ಥ ಬೇರೆ. ಹತ್ತು ಜನ ಬಂದು ಹತ್ತು ಸತ್ಯ ಹೇಳುತ್ತಾರೆ. ಪ್ರತಿಯೊಬ್ಬರಿಗೂ ತಮ್ಮದು ಖಾತ್ರಿ. ಅದರಲ್ಲಿ ಯಾರದು ನಿಜ ಅಂತ ತೀರ್ಪು ಕೊಡಲು ಬರೆಯುವವರಿಗೆ ಅಧಿಕಾರವಿಲ್ಲ. "ಎಲ್ಲಿ ಓದಿದಿರಿ, ತೋರಿಸಿ" ಅಂತ ಕೇಳಲು ಮಾತ್ರ ಅಧಿಕಾರ. ನಿಜಕ್ಕೆ ಕೈ ಎಟಕದ ಕಡೆ ಅದರ ಹತ್ತಿರಕ್ಕೆ ಹೋಗುವ ಏಣಿ ಅದು. ತಪ್ಪಾಗಿ ಅರ್ಥಮಾಡಿಕೊಳ್ಳುವವರು ಜಾಸ್ತಿಯಾದರು ಅಂತ 2012ರಲ್ಲಿ ಆ ಮಾತನ್ನು ನೀತಿಯ ಮೊದಲ ಸಾಲಿನಿಂದ ತೆಗೆದರು.

ತಟಸ್ಥತೆಯೂ ಹಾಗೆಯೇ. ಸುದ್ದಿಮನೆ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ತಟಸ್ಥ ಅಂದರೆ ಸಮಪಾಲು ಅಂತಲ್ಲ. ಒಳ್ಳೆಯ ಮೂಲಗಳಲ್ಲಿ ಯಾವ ಅಭಿಪ್ರಾಯಕ್ಕೆ ಎಷ್ಟು ತೂಕವಿದೆಯೋ ಅಷ್ಟೇ ಜಾಗ. ಭೂಮಿ ಚಪ್ಪಟೆ ಅನ್ನುವವರಿಗೆ ಭೂಮಿಯ ಲೇಖನದಲ್ಲಿ ಅರ್ಧ ಪುಟ ಬಿಡುವುದಿಲ್ಲ. ಬಿಬಿಸಿಯ ವಿಜ್ಞಾನ ವರದಿಗಳನ್ನು 2011ರಲ್ಲಿ ಪರಿಶೀಲಿಸಿದ ತಳಿವಿಜ್ಞಾನಿ ಸ್ಟೀವ್ ಜೋನ್ಸ್ ಕೂಡ ಇದೇ ದೂರು ಹೇಳಿದ್ದರು. ಅಂಚಿನಲ್ಲಿರುವ ಅಭಿಪ್ರಾಯಗಳಿಗೆ ಅಗತ್ಯಕ್ಕಿಂತ ಜಾಸ್ತಿ ಗಮನ ಸಿಗುತ್ತಿದೆ ಅಂತ.

ತಟಸ್ಥವಾಗಿರಬೇಕಾದದ್ದು ನಮ್ಮ ಲೇಖನ. ನಾವು ಬಳಸುವ ಮೂಲಗಳೆಲ್ಲ ತಟಸ್ಥವಾಗಿರಲೇಬೇಕು ಅಂತಿಲ್ಲ. ಒಂದು ಪಕ್ಷ ಏನು ಭರವಸೆ ಕೊಟ್ಟಿತು ಅಂತ ಬರೆಯಲು ಆ ಪಕ್ಷದ ಪ್ರಣಾಳಿಕೆಯೇ ಒಳ್ಳೆಯ ಮೂಲ. ಭರವಸೆ ಈಡೇರಿತಾ ಅಂತ ಬರೆಯಲು ಅದೇ ಪ್ರಣಾಳಿಕೆ ಉಪಯೋಗಕ್ಕೆ ಬರುವುದಿಲ್ಲ.

ನೇರಮಾತು

ಈ ಕೊನೆಯ ಮಾತು ನನಗೆ ಅರ್ಥವಾಯಿತು. ಮೂಲ ಒಳ್ಳೆಯದಾ ಅಂತ ಕೇಳುವ ಬದಲು ಯಾವುದಕ್ಕೆ ಒಳ್ಳೆಯದು ಅಂತ ಕೇಳಬೇಕು. ಹಾಗೆ ಕೇಳಿದ್ದರೆ ನಮ್ಮ ಸಂಬಂಧಿಗೆ ಏನಾದರೂ ಹೇಳಲು ಆಗುತ್ತಿತ್ತೇನೋ. ನಾನು "ವೈದ್ಯರು ತಪ್ಪು ಮಾಡೋದಿಲ್ಲ" ಅಂತಲೇ ವಾದಿಸುತ್ತಿದ್ದೆ. ಅವರು ಒಂದು ತಪ್ಪು ತೋರಿಸಿದ ಕೂಡಲೇ ನನ್ನ ವಾದ ಬಿದ್ದುಹೋಗುತ್ತಿತ್ತು.

ಚಾಟ್‌ಬಾಟ್‌ಗಳನ್ನು ಯಾವ ಗುಂಪಿಗೆ ಸೇರಿಸುತ್ತೀರಿ? ನನ್ನ ಮಗಳು ಎಲ್ಲವನ್ನೂ ಅದನ್ನೇ ಕೇಳುತ್ತಾಳೆ.

ಹಳೇ ಗ್ರಂಥಪಾಲಕಿ

ಅದರ ಧ್ವನಿ ಬಹಳ ತಟಸ್ಥ. ಅದೇ ನನ್ನ ಭಯ. ಸಮಾಧಾನದ ಧ್ವನಿ ಕೇಳಿದರೆ ನಾವು ನಂಬಿಬಿಡುತ್ತೇವೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟರು. ಹುಡುಕಿದರೆ ಆ ತೀರ್ಪುಗಳೇ ಇರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಅದು ಕೊಟ್ಟ ಉತ್ತರವನ್ನು ಹುಡುಕಾಟದ ಮೊದಲ ಹೆಜ್ಜೆ ಅಂತ ಇಟ್ಟುಕೊಳ್ಳಲಿ. ಪುಸ್ತಕದ ಹೆಸರು ಹೇಳಿದರೆ ಆ ಪುಸ್ತಕವನ್ನೇ ತೆಗೆದು ಆ ಪುಟವನ್ನೇ ನೋಡಲಿ.

ಆಕಾಶ ನೋಡುವವ

ಬಾಲಚುಕ್ಕೆ ಅಂದ ಕೂಡಲೇ ಓಡಿ ಬಂದೆ. ತಡೆಯಿರಿ ಮೇಡಂ, ಅವಸರ ಬೇಡ. ಬಾಲಚುಕ್ಕೆ ಅಂದರೆ ಹ್ಯಾಲಿ ಅಂತ ನೀವೇ ಊಹಿಸಿದ್ದೀರಿ. ನೋಟ್‌ಬುಕ್ಕಿನಲ್ಲಿ ಆ ಹೆಸರಿಲ್ಲ.

1910ರಲ್ಲಿ ಬರಿಗಣ್ಣಿಗೆ ಕಾಣುವ ಎರಡು ಧೂಮಕೇತು ಬಂದಿದ್ದವು. ಜನವರಿಯಲ್ಲಿ ಒಂದು, ಹ್ಯಾಲಿಗಿಂತಲೂ ಪ್ರಕಾಶಮಾನವಾದದ್ದು. ಏಪ್ರಿಲ್, ಮೇ ತಿಂಗಳಲ್ಲಿ ಹ್ಯಾಲಿ. ಹ್ಯಾಲಿ ನೋಡಿದೆವು ಅಂತ ಮುಂದೆ ಹೇಳಿಕೊಂಡ ಎಷ್ಟೋ ಜನ ನಿಜಕ್ಕೂ ನೋಡಿದ್ದು ಜನವರಿಯದನ್ನು. ಇಷ್ಟೇ ಆಗಿದ್ದರೆ ವರ್ಷ ಅದೇ, ತೊಂದರೆ ಇಲ್ಲ. ಆದರೆ 1914ರಲ್ಲೂ ಒಂದು ಬಂದಿತ್ತು! ಡೆಲಾವನ್ ಧೂಮಕೇತು. 1913ರ ಡಿಸೆಂಬರಿನಲ್ಲಿ ಪತ್ತೆಯಾಗಿ ಮುಂದಿನ ವರ್ಷ ಬರಿಗಣ್ಣಿಗೇ ಕಂಡಿತ್ತು. ಅಂದರೆ ಬರೀ "ಬಾಲಚುಕ್ಕೆ" ಅನ್ನುವ ಮಾತು ನಿಮ್ಮ ತಮ್ಮನ ವಾದಕ್ಕೂ ಸಾಕ್ಷಿಯಾಗುತ್ತದೆ.

ಇನ್ನು ನೋಟ್‌ಬುಕ್ಕಿನ ಉಳಿದ ಮಾತು ನೋಡೋಣ. ಬೆಳಗಿನ ಜಾವ, ಮೂಡಲ ಕಡೆ. ಜನವರಿ 1910ರ ಧೂಮಕೇತು ಚೆನ್ನಾಗಿ ಕಂಡದ್ದು ಸಂಜೆ, ಪಡುವಣದಲ್ಲಿ. ಅದು ಹೋಯಿತು. ಬಾಲ ನೆತ್ತಿಯ ತನಕ. ಡೆಲಾವನ್ ಬಾಲ ಅಷ್ಟು ಉದ್ದವಿರಲಿಲ್ಲ. 1910ರ ಮೇ ತಿಂಗಳ ನಡುಭಾಗದಲ್ಲಿ ಹ್ಯಾಲಿ ಬೆಳಗಿನ ಜಾವ ಪೂರ್ವದಲ್ಲಿ ಕಾಣುತ್ತಿತ್ತು, ಬಾಲ ಆಕಾಶದ ಅರ್ಧಕ್ಕೂ ಚಾಚಿತ್ತು. 18, 19ನೇ ತಾರೀಖಿನ ಹೊತ್ತಿಗೆ ಅದು ಸೂರ್ಯನ ಮುಂದೆ ಹಾದುಹೋಗಿ ಆಮೇಲೆ ಸಂಜೆಗೆ ಬದಲಾಯಿತು. ಒಂಬತ್ತು ವರ್ಷದ ಹುಡುಗಿ ಕಂಡದ್ದನ್ನು ಇಷ್ಟು ಸರಿಯಾಗಿ ನೆನಪಿಟ್ಟುಕೊಂಡಿದ್ದಾರೆ ಅಂದರೆ ನನಗೆ ಮೈ ಜುಮ್ಮೆನ್ನಿಸಿತು. ನನ್ನ ಲೆಕ್ಕದಲ್ಲಿ ನಿಮ್ಮ ಅಜ್ಜ ಹುಟ್ಟಿದ್ದು 1910ರ ಏಪ್ರಿಲ್ ಕೊನೆಯಲ್ಲೋ ಮೇ ಮೊದಲಲ್ಲೋ. ನೆನಪು ಬೆರೆತುಹೋಗಿರಬಹುದು ಅನ್ನುವ ಸಾಧ್ಯತೆ ಮಾತ್ರ ಇನ್ನೂ ಉಳಿದಿದೆ. ತಮ್ಮ ಹುಟ್ಟಿದ್ದು, ಬಾಲಚುಕ್ಕೆ ಕಂಡದ್ದು ಬೇರೆ ಬೇರೆ ವರ್ಷ ಇದ್ದು ಮುಪ್ಪಿನಲ್ಲಿ ಒಂದಾಗಿರಬಹುದು.

ವ್ಯಾಕರಣದ ಮೇಷ್ಟ್ರು

ಒಂದೇ ಮಾತು ಸೇರಿಸುತ್ತೇನೆ. ನಮ್ಮ ಭಾಷೆಯಲ್ಲೇ ಇದಕ್ಕೊಂದು ಸಲಕರಣೆಯಿದೆ. "ಮಳೆ ಬಂತು" ಅಂದರೆ ನಾನು ಕಂಡೆ. "ಮಳೆ ಬಂತಂತೆ" ಅಂದರೆ ಯಾರೋ ಹೇಳಿದರು. ಎರಡಕ್ಷರದಲ್ಲಿ ಮೂಲವನ್ನೂ ಹೇಳಿದ ಹಾಗಾಯಿತು. ಮಾತಾಡುವಾಗ ಇದನ್ನು ಯಾರೂ ತಪ್ಪುವುದಿಲ್ಲ. ಬರೆಯುವಾಗ ಮಾತ್ರ "ಅಂತೆ" ಬಿದ್ದುಹೋಗುತ್ತದೆ, ಹಗುರ ಅನ್ನಿಸುತ್ತದೆ ಅಂತ. ಅದರ ಜಾಗಕ್ಕೆ "ಎನ್ನಲಾಗಿದೆ" ಬರುತ್ತದೆ. ಅಂದವರು ಯಾರು ಅಂತ ಮಾತ್ರ ಹೇಳುವುದಿಲ್ಲ. ಮೇಲೆ ಜೀವಶಾಸ್ತ್ರದವರು "ಎಣಿಸಿದ್ದರಂತೆ, ನಿಲ್ಲಿಸಿಬಿಟ್ಟರಂತೆ" ಅಂತ ಬರೆದಿದ್ದಾರೆ ನೋಡಿ. ಅವರು ಅಲ್ಲಿರಲಿಲ್ಲ, ಓದಿ ತಿಳಿದದ್ದು. ಓದಿ ಖುಷಿಯಾಯಿತು.

ಸುದ್ದಿಮನೆ

ಮೇಷ್ಟ್ರೇ, ಶೀರ್ಷಿಕೆ ಕೊಡುವಾಗ ಜಾಗ ಸಾಲದೆ ನಾನು ಎಷ್ಟು "ಎನ್ನಲಾಗಿದೆ"ಗಳನ್ನು ಕತ್ತರಿಸಿದ್ದೇನೋ. ಒಂದು ಸಲ ಹಾಗೆ ಮಾಡಿದ್ದರಿಂದ ಒಬ್ಬರ ಮೇಲೆ ಆರೋಪವಿದೆ ಅನ್ನುವುದು ಅವರೇ ಮಾಡಿದ್ದಾರೆ ಅಂತಾಯಿತು. ಮರುದಿನ ತಿದ್ದುಪಡಿ ಹಾಕಿದೆವು, ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ಅವರು ಕಚೇರಿಗೆ ಬಂದು ಆ ಎರಡು ಪುಟಗಳನ್ನು ನನ್ನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಏನೂ ಮಾತಾಡಲಿಲ್ಲ.

ಅಜ್ಜನ ಮೊಮ್ಮಗಳು

ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ. ಅಜ್ಜ ಕೆಲಸ ಮಾಡಿದ ಕಚೇರಿಯ ದಾಖಲೆ ಕೋಣೆಗೆ ಹೋಗಿದ್ದೆ. ತಮ್ಮನೂ ಬಂದಿದ್ದ. ನಮ್ಮ ಹತ್ತಿರ ಇದ್ದದ್ದು ಟೈಪ್ ಮಾಡಿದ ನಕಲು ಅಂದಿದ್ದೆನಲ್ಲ, ಮೂಲ ಪುಸ್ತಕ ಸಿಕ್ಕಿತು. ಅಂಚು ಗೆದ್ದಲು ತಿಂದಿದೆ, ಮೊದಲ ಪುಟ ಚೆನ್ನಾಗಿಯೇ ಇದೆ. ಹುಟ್ಟಿದ ವರ್ಷದ ಮುಂದೆ 1914. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಬೇರೆ ಮಸಿಯಲ್ಲಿ ಒಂದು ಸಾಲು: "ಅಭ್ಯರ್ಥಿಯ ಸ್ವಂತ ಹೇಳಿಕೆಯ ಮೇರೆಗೆ. ಬೇರೆ ಆಧಾರ ಹಾಜರುಪಡಿಸಿಲ್ಲ."

ಆ ಸಾಲು ಟೈಪ್ ಮಾಡಿದ ನಕಲಿನಲ್ಲಿ ಇರಲಿಲ್ಲ. ಪಿಂಚಣಿ ಆದೇಶದಲ್ಲೂ ಇರಲಿಲ್ಲ. ಆ ಗುಮಾಸ್ತರು ಯಾರೋ, ತಮ್ಮ ಕೆಲಸ ಸರಿಯಾಗಿ ಮಾಡಿದ್ದರು. ಮೇಷ್ಟ್ರು ಹೇಳಿದ "ಅಂತೆ"ಯನ್ನು ಅವರು ಬರೆದೇ ಇಟ್ಟಿದ್ದರು. ನಕಲು ಮಾಡುವಾಗ ಬಿದ್ದುಹೋಗಿದೆ. ತಮ್ಮ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ನಿಂತಿದ್ದ.

ಅಜ್ಜ ಯಾಕೆ 1914 ಅಂದರೋ ಗೊತ್ತಿಲ್ಲ. ಕೆಲಸಕ್ಕೆ ವಯಸ್ಸಿನ ಮಿತಿ ಇತ್ತೋ, ಅವರಿಗೇ ಹಾಗೆ ನೆನಪಿತ್ತೋ. ಊಹಿಸಿ ಬರೆಯುವುದಿಲ್ಲ. ನನ್ನ ಪುಸ್ತಕದಲ್ಲಿ ಈಗ ಹೀಗಿದೆ, ತಮ್ಮನೇ ಕೂತು ತಿದ್ದಿಕೊಟ್ಟದ್ದು:

"ಸೇವಾ ಪುಸ್ತಕದಲ್ಲಿ ಅಜ್ಜ ತಾವೇ ಹೇಳಿ ಬರೆಸಿದ ವರ್ಷ 1914. ಉಳಿದ ಕಾಗದಗಳೆಲ್ಲ ಅದನ್ನೇ ನೋಡಿ ಬರೆದವು. ಅಜ್ಜನ ಅಕ್ಕನ ಬರಹದ ಪ್ರಕಾರ, ಅಜ್ಜ ತಿಂಗಳು ತುಂಬದ ಮಗುವಾಗಿದ್ದಾಗ ಬೆಳಗಿನ ಜಾವ ಮೂಡಣದಲ್ಲಿ ಉದ್ದ ಬಾಲದ ಚುಕ್ಕೆ ಕಂಡಿತ್ತಂತೆ. ಆ ವಿವರ 1910ರ ಮೇ ತಿಂಗಳ ಹ್ಯಾಲಿ ಧೂಮಕೇತುವಿಗೆ ಹೊಂದುತ್ತದೆ."